ಖಾಲಿ ಬೆನ್ನಿನ ಏರು

ಆನೆ ಎಂದು ಅವನಿಗೆ ಹೆಸರು ಬಿದ್ದದ್ದು ಮೈ ನೋಡಿ ಅಲ್ಲ. ಅವನು ಸಣಕಲ. ಮದುವೆಗೆ ಮೊದಲೊಮ್ಮೆ ಮರದ ಬೀರುವೊಂದನ್ನು ಬೆನ್ನಿಗೆ ಬಿಗಿದುಕೊಂಡು, ಎಲ್ಲೂ ಇಳಿಸದೆ ಗುಡ್ಡದ ನೆತ್ತಿಯ ಮನೆಗೆ ಮುಟ್ಟಿಸಿದ್ದ. ನಮ್ಮ ಬಡಾವಣೆ ಗುಡ್ಡಕ್ಕೆ ಅಂಟಿಕೊಂಡಿದೆ. ಗಾಡಿ ಬರುವುದು ಬುಡದವರೆಗೆ ಮಾತ್ರ. ಅಲ್ಲಿಂದ ಮೇಲೆ ಮೆಟ್ಟಿಲು, ಮತ್ತು ನಾವು ಹಮಾಲರು. ಅವನೂ ನಾನೂ ಒಂದೇ ವರ್ಷ ಹೆಗಲಿಗೆ ಹಗ್ಗ ಹಾಕಿದವರು.

ಹೋದ ವರ್ಷ ಅವನಿಗೆ ಎದೆನೋವು ಬಂತು. ಏರುದಾರಿಯಲ್ಲಿ ಭಾರ ಹೊರಬೇಡ ಎಂದರು ಡಾಕ್ಟರು. ಅವನ ಹೆಂಡತಿ ನನ್ನನ್ನು ಮನೆಗೆ ಕರೆಸಿ, ನನ್ನೆದುರೇ ಅವನಿಂದ ಮಾತು ತೆಗೆದುಕೊಂಡಳು.

"ಸಿಮೆಂಟು ಮುಟ್ಟಲ್ಲ ಅಂತ ಹೇಳ್ರಿ. ಅಣ್ಣನ ಮುಂದೇನೇ ಹೇಳ್ರಿ."

"ಮುಟ್ಟಲ್ಲ ಮಹಾತಾಯಿ. ಇನ್ಮೇಲೆ ಇಳಿಸೋ ಕೆಲಸ ಮಾತ್ರ. ಗುಡ್ಡಾನೇ ಎಳ್ಕೊಂಡು ಹೋಗುತ್ತೆ, ನಾನು ಜೊತೆಗೆ ಹೋಗ್ತೀನಿ, ಅಷ್ಟೆ."

"ಬಾಯಿ ಒಂದು ಗಟ್ಟಿ ಇದೆ ನೋಡಿ. ಅಣ್ಣ, ನೀವೊಂದು ಕಣ್ಣಿಟ್ಟಿರಿ."

"ಇಡ್ತೀನಿ ತಾಯಿ," ಎಂದೆ.

ಅವನು ಮಾತು ಉಳಿಸಿಕೊಂಡ. ನೆತ್ತಿಯಲ್ಲಿ ಹಳೆಯ ಮನೆಯೊಂದನ್ನು ಕೆಡವುತ್ತಿದ್ದರು. ಒಡೆದ ಇಟ್ಟಿಗೆ, ಗಾರೆಗಳನ್ನು ಚೀಲದಲ್ಲಿ ಬುಡಕ್ಕೆ ತಂದು ಸುರಿಯುವ ಕೆಲಸ ಹಿಡಿದ. ಇಳಿಯುವಾಗ ಚೀಲ ಹಿಂದಿನಿಂದ ನೂಕುತ್ತದೆ. ಪ್ರತಿ ಮೆಟ್ಟಿಲಿಗೂ ತೊಡೆಯಿಂದಲೇ ತಡೆ ಹಾಕಬೇಕು. ಸುರಿದಾದ ಮೇಲೆ ಮತ್ತೆ ನೆತ್ತಿಗೆ ಹತ್ತಬೇಕು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ, ಅವನೂ ಹಿಡಿಯಲಿಲ್ಲ. ನಮ್ಮ ಕಸುಬಿನಲ್ಲಿ ಭಾರವಿದ್ದರೆ ಕೆಲಸ, ಖಾಲಿ ನಡೆದರೆ ವಿಶ್ರಾಂತಿ. ನೆತ್ತಿಯ ಕಲ್ಲುಬೆಂಚು ಭಾರ ಹೊತ್ತು ಹತ್ತಿದವರಿಗೆ. ಖಾಲಿ ಬಂದವನು ದಾರಿಯುದ್ದಕ್ಕೂ ದಣಿವಾರಿಸಿಕೊಂಡೇ ಬಂದಿದ್ದಾನೆ, ಅವನಿಗೇಕೆ ಬೆಂಚು? ಹಿಂದಿನವರ ಕಾಲದಿಂದಲೂ ಹಾಗೆಯೇ.

ಒಂದು ಬೆಳಿಗ್ಗೆ ನಾನು ಗ್ಯಾಸ್ ಸಿಲಿಂಡರ್ ಒಂದನ್ನು ಮುಟ್ಟಿಸಿ ಬೆಂಚಿನ ಮೇಲೆ ಕೂತಿದ್ದೆ. ಅವನು ಖಾಲಿ ಚೀಲವನ್ನು ಹೆಗಲಿಗೆ ಎಸೆದುಕೊಂಡು ಹತ್ತಿ ಬಂದು ಪಕ್ಕದಲ್ಲಿ ಕೂತ. ಬನಿಯನ್ ಬೆವರಿಗೆ ಮೈಗಂಟಿತ್ತು. ಅಷ್ಟರಲ್ಲಿ ನಮ್ಮ ಗುಂಪಿನ ಮೀಸೆಯವನು ಸಿಮೆಂಟು ಹೊತ್ತು ಬಂದು ಮೂಟೆ ಇಳಿಸಿದ.

"ಏನಪ್ಪಾ ಆನೆ, ಖಾಲಿ ಬಂದು ಸಿಂಹಾಸನ ಏರಿದೀಯಲ್ಲ!"

"ತಗೊಳಪ್ಪಾ ದೊರೆ, ನೀನೇ ಕೂತ್ಕೋ," ಎಂದು ಅವನು ಎದ್ದ.

ನಾವು ನಕ್ಕೆವು. ಅವನು ಗೋಡೆಗೆ ಒರಗಿ ನಿಂತ. ಹಾಗೇ ಜಾರಿ ಕುಸಿದ. ಕರೆದೆ; ಓಗೊಡಲಿಲ್ಲ.

ಕೆಡವಿದ ಮನೆಯ ಬಾಗಿಲೊಂದರ ಮೇಲೆ ಮಲಗಿಸಿ ನಾಲ್ವರು ಇಳಿಸಿದೆವು. ನಡುದಾರಿಯ ತಿರುವಿನಲ್ಲಿ ನಾನು ಬಾಗಿಲಿನ ಅಂಚನ್ನು ತೊಡೆಗೆ ಆನಿಸಿಕೊಂಡು ಕೈ ಬದಲಿಸಿದೆ. ಅಷ್ಟು ಸಣಕಲ, ನಾಲ್ವರ ಕೈಗೂ ಭಾರವಾಗಿದ್ದ. ಈ ಮೈಯನ್ನು ಅವನು ದಿನವಿಡೀ, ಒಬ್ಬನೇ, ಮತ್ತೆ ಮತ್ತೆ ನೆತ್ತಿಗೆ ಹೊತ್ತಿದ್ದ. ಬುಡ ಮುಟ್ಟುವಷ್ಟರಲ್ಲಿ ಉಸಿರು ನಿಂತಿತ್ತು.

ಅವನ ಹೆಂಡತಿ ನನ್ನನ್ನು ಕೇಳಿದ್ದು ಒಂದೇ ಮಾತು. "ಇವ್ರು ಏನಾದ್ರೂ ಹೊತ್ಕೊಂಡು ಹತ್ತಿದ್ರಾ ಅಣ್ಣ?"

"ಇಲ್ಲ ತಾಯಿ. ಖಾಲಿ ಚೀಲ."

"ಹಾಗಿದ್ರೆ ಮಾತು ತಪ್ಪಲಿಲ್ಲ," ಎಂದಳು. ನಾನು ಹೂಂ ಎಂದೆ.

ಈಗ ಖಾಲಿ ಹತ್ತಿ ಬಂದವನಿಗೂ ಬೆಂಚಿನಲ್ಲಿ ಜಾಗ ಬಿಡುತ್ತಾರೆ. ಹೀಗೆ ಮಾಡೋಣ ಎಂದು ಯಾರೂ ಹೇಳಿದ್ದಿಲ್ಲ. ಮೀಸೆಯವನು ನನ್ನನ್ನು ಕಂಡರೆ ಸುಮ್ಮನೆ ಒಂದಿಷ್ಟು ಸರಿಯುತ್ತಾನೆ. ನಾನು ಕೂರುತ್ತೇನೆ. ಮುಂದಿನ ಭಾರಕ್ಕೆ ಕರೆ ಬರುತ್ತದೆ. ಏಳುವುದು ತಡವಾಗುತ್ತದೆ.