ಒಂಬತ್ತು ನಿಮಿಷದ ಸಿನಿಮಾ

ಜಿದ್ದಾದ ನಮ್ಮ ಕರಾವಳಿ ಸಂಘದ ವಾರ್ಷಿಕ ಕೂಟದಲ್ಲಿ ನಲವತ್ತೆರಡು ನಿಮಿಷದ ಸಿನಿಮಾವೊಂದನ್ನು ಒಂಬತ್ತನೆಯ ನಿಮಿಷಕ್ಕೆ ನಿಲ್ಲಿಸಲಾಯಿತು. ಇದು ಅನ್ಯಾಯ. ‘ಸಮಯದ ಅಭಾವ’ ಎಂದು ಸಂಘದ ವರದಿಯಲ್ಲಿ ಬರೆದುಕೊಂಡ ಮಾತ್ರಕ್ಕೆ ಅದು ಬೇರೇನೂ ಆಗುವುದಿಲ್ಲ.

ಆ ಸಿನಿಮಾ ಮಾಡಿದವನು ಜಿದ್ದಾದ ಶರಫಿಯಾ ಬಡಾವಣೆಯ ಹೊಲಿಗೆ ಅಂಗಡಿಯಲ್ಲಿ ದುಡಿಯುತ್ತಿದ್ದ ಉಡುಪಿ ಕಡೆಯವನು. ಕಥೆ, ನಿರ್ದೇಶನ, ಕ್ಯಾಮೆರಾ, ಸಂಕಲನ, ವೇಷಭೂಷಣ ಎಲ್ಲವೂ ಅವನದೇ. ಆ ದೇಶದಲ್ಲಿ ಆಗ ಚಿತ್ರಮಂದಿರವೇ ಇರಲಿಲ್ಲ. ರಸ್ತೆಯಲ್ಲಿ ಕ್ಯಾಮೆರಾ ಎತ್ತುವುದಕ್ಕೂ ಎದೆ ಗಟ್ಟಿಯಿರಬೇಕಿತ್ತು. ಎರಡು ಚಳಿಗಾಲದ ಶುಕ್ರವಾರಗಳನ್ನು ಅದಕ್ಕೆ ಕೊಟ್ಟ. ತಾಯಿಫ್ ಬೆಟ್ಟದ ಮಂಜನ್ನು ಚಾರ್ಮಾಡಿಯ ಮಂಜೆಂದು ನಂಬಿಸಿದ. ತಾಯಿಯ ಪಾತ್ರಕ್ಕೆ ಯಾವ ಮನೆಯವರೂ ಹೆಂಗಸರನ್ನು ಕಳಿಸಲೊಪ್ಪದಿದ್ದಾಗ ತಾನೇ ಸೀರೆಯುಟ್ಟು, ಕ್ಯಾಮೆರಾಕ್ಕೆ ಬೆನ್ನು ಹಾಕಿ ಕುಳಿತು ಅಕ್ಕಿ ಆರಿಸಿದ. ಆ ಬೆನ್ನು ಅಷ್ಟೊಂದು ದುಃಖವನ್ನು ಹೇಗೆ ಹೇಳಿತೋ, ನನಗೆ ಇಂದಿಗೂ ತಿಳಿಯದು.

ಇಂಡಿಯನ್ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ನನಗೆ ಅಂಚೆಯವನ ಪಾತ್ರ ಸಿಕ್ಕಿತ್ತು. ಹದಿನಾಲ್ಕು ಸಲ ಮೆಟ್ಟಿಲು ಹತ್ತಿಸಿದ.

“ಮಾಷ್ಟ್ರೇ, ನೀವು ಟಪಾಲು ಕೊಡ್ಲಿಕ್ಕೆ ಬಂದದ್ದಾ, ಮಾರ್ಕ್ಸ್ ಕಾರ್ಡ್ ಕೊಡ್ಲಿಕ್ಕಾ? ಮುಖ ಸ್ವಲ್ಪ ಸಡಿಲ ಮಾಡಿ ಮಾರಾಯ್ರೆ!”

ಉಮ್ರಾ ಯಾತ್ರೆಗೆ ಬಂದಿದ್ದ ಮಂಗಳೂರಿನ ನಿರ್ಮಾಪಕರೊಬ್ಬರು ಕೂಟಕ್ಕೆ ಬರಲು ಒಪ್ಪಿದ್ದರು. ಮೆಚ್ಚಿಗೆಯಾದರೆ ಊರಿನಲ್ಲಿ ಅವನಿಂದ ದೊಡ್ಡ ಸಿನಿಮಾ ಮಾಡಿಸುವ ಮಾತಿತ್ತು. ಆದರೆ ಮೂರೂವರೆ ಹೊತ್ತಿನ ಅಸರ್ ನಮಾಜ್ ಮುಗಿದೊಡನೆ ಅವರು ವಿಮಾನ ಹಿಡಿಯಬೇಕಿತ್ತು. ಕಾರ್ಯಕ್ರಮ ಪಟ್ಟಿ ಬರೆದವನು ನಾನು: ಎರಡು ಗಂಟೆಗೆ ಸನ್ಮಾನ, ಎರಡೂವರೆಗೆ ಸಿನಿಮಾ.

ಮೂವರಿಗೆಂದಿದ್ದ ಸನ್ಮಾನ ಹನ್ನೊಂದು ಜನರಿಗಾಯಿತು. ಪ್ರತಿಯೊಬ್ಬರಿಗೂ ಶಾಲು, ಹಾರ, ಪೇಟ, ಫೋಟೊ, ಆಮೇಲೆ ‘ಎರಡು ಮಾತು’. ಕೊನೆಯ ಸರದಿ ನನ್ನದು. ಹಿಂದಿನ ವರ್ಷದ ಆಮಂತ್ರಣದಲ್ಲಿ ನನ್ನ ಹೆಸರು ಬಿಟ್ಟಿದ್ದರು. ಅದರ ಹಿಂದಿನ ವರ್ಷ ನನ್ನನ್ನು ಮೂರನೆಯ ಸಾಲಿನಲ್ಲಿ, ಕಂಬದ ಮರೆಗೆ ಕೂರಿಸಿದ್ದರು. ಮೈಕು ಕೈಗೆ ಬಂದದ್ದೇ ಎಲ್ಲವನ್ನೂ ಕ್ರಮವಾಗಿ ಎತ್ತಿ ಹೇಳಿದೆ. ಪರದೆಯ ಪಕ್ಕ ಲ್ಯಾಪ್‌ಟಾಪ್ ತೆರೆದು ನಿಂತಿದ್ದ ಅವನು ಒಮ್ಮೆ ತನ್ನ ಕೈಗಡಿಯಾರವನ್ನು ಬೆರಳಿನಿಂದ ತಟ್ಟಿ ತೋರಿಸಿದ. ನಾನು ನೋಡಿದೆ. ನೋಡಿಯೂ ಮುಂದುವರಿಸಿದೆ. ನನ್ನದೊಂದೇ ಇಪ್ಪತ್ತಾರು ನಿಮಿಷ.

ಸಿನಿಮಾ ಶುರುವಾಗಿ ಒಂಬತ್ತು ನಿಮಿಷಕ್ಕೆ ನಮಾಜಿಗೆ ಕರೆಯುವ ಬಾಂಗ್ ಕೇಳಿಸಿತು. ತಾಯಿಯ ದೃಶ್ಯ ಬರಲು ಇನ್ನೆರಡು ನಿಮಿಷವಿತ್ತು. “ಲಿಂಕ್ ಕಳಿಸಿ ಕೊಡಿ, ನೋಡುವ” ಎಂದು ನಿರ್ಮಾಪಕರು ಎದ್ದರು. ನಮಾಜ್ ಮುಗಿಸಿ ಬಂದವರು ನೇರವಾಗಿ ಲಕ್ಕಿ ಡ್ರಾ ಶುರುಮಾಡಿದರು.

ಅವನು ವೈರು ಸುತ್ತುತ್ತಿದ್ದ. “ಬೇಜಾರಾಯ್ತಾ?” ಎಂದೆ.

“ಎಂತ ಬೇಜಾರು ಮಾಷ್ಟ್ರೇ. ನಿಮ್ಮದು ಪೂರ್ತಿ ಆಯ್ತಲ್ಲ.”

ನಿರ್ಮಾಪಕರು ಲಿಂಕಿಗೆ ಉತ್ತರಿಸಲಿಲ್ಲ. ಮುಂದೆ ಅವನು ಇನ್ನೆರಡು ಕಿರುಚಿತ್ರ ಮಾಡಿದ, ನನ್ನನ್ನು ಕರೆಯಲಿಲ್ಲ. ಜಿದ್ದಾದಲ್ಲಿ ಚಿತ್ರಮಂದಿರ ತೆರೆಯುವ ಹೊತ್ತಿಗೆ ಅವನು ಊರಿನಲ್ಲಿ ಮದುವೆಗಳ ವಿಡಿಯೊ ತೆಗೆಯುತ್ತಿದ್ದ.

ಯಾರು ಯಾವಾಗ ನನ್ನನ್ನು ಕಡೆಗಣಿಸಿದರೆಂಬುದನ್ನು ತಪ್ಪದೆ ನೆನಪಿಟ್ಟವನು ನಾನು. ಇದನ್ನು ನೆನಪಿಡಬೇಕಾದಾಗ ಮಾತ್ರ ಕಡೆಗಣಿಸಿದವರ ಸಾಲಿನಲ್ಲಿ ನಾನೇ ನಿಂತಿದ್ದೇನೆ. ಆದ್ದರಿಂದ ಉಳಿದ ಹತ್ತು ಮಹನೀಯರನ್ನು, ಅವರೊಡನೆ ನನ್ನನ್ನೂ ಕೇಳುತ್ತೇನೆ: ಅಂದು ಆ ಸಭೆಯಲ್ಲಿ ಸನ್ಮಾನಕ್ಕೆ ತಕ್ಕ ಕೆಲಸವನ್ನು ನಮ್ಮಲ್ಲಿ ಯಾರು ಮಾಡಿದ್ದೆವು?