ನೆರಳಲ್ಲಿ ಒಣಗಿದ ಎರಡು ವರ್ಷ

ಅಟ್ಟದಿಂದ ಇಳಿಸಿದ ಕಾಯಿಯ ಸಿಪ್ಪೆ ಸುಲಿದು, ಚಿಪ್ಪು ಒಡೆದು, ಒಳಗಿನ ಉಂಡೆ ಕೊಬ್ಬರಿಯನ್ನು ಮೊದಲ ಸಲ ಗಾಳಿಗೆ ತೆಗೆದಾಗ ಒಂದು ವಾಸನೆ ಏಳುತ್ತದೆ. ಎಣ್ಣೆಯ ಸಿಹಿ, ಒಣ ಮಟ್ಟೆಯ ಧೂಳು, ವರ್ಷವೆಲ್ಲ ಕತ್ತಲಲ್ಲಿದ್ದ ಹಲಗೆಯ ಘಾಟು, ಎಲ್ಲವೂ ಅದರಲ್ಲಿರುತ್ತದೆ. ತಿಪಟೂರಿನ ಮಂಡಿಯಲ್ಲಿ ಅರ್ಧ ಆಯಸ್ಸು ಕೊಬ್ಬರಿ ಕೊಂಡು ಮಾರಿದವಳು ನಾನು. ಮಾರುವವನು ಎಷ್ಟೇ ಬಾಯಿ ಮಾಡಲಿ, ನನ್ನ ಮೂಗು ಒಪ್ಪದೆ ಒಂದು ಚೀಲವೂ ನನ್ನ ಅಂಗಡಿಯಲ್ಲಿ ಇಳಿಯುವುದಿಲ್ಲ. ಆದರೆ ಕೆಲವು ದಿನ ಆ ಮೂಗೇ ನನ್ನನ್ನು ಕೈಬಿಡುತ್ತದೆ. ಚೀಲದ ಬಾಯಿ ಬಿಚ್ಚಿದ ಕೂಡಲೇ ವ್ಯಾಪಾರ ಮರೆತು, ಬಿಳಿಗೆರೆಯ ಆಚೆ ತೋಟದ ಅಂಚಿನಲ್ಲಿದ್ದ ನಮ್ಮ ಮನೆಯ ನಡುಮನೆಯಲ್ಲಿ ನಿಂತುಬಿಟ್ಟಿರುತ್ತೇನೆ. ಅಲ್ಲಿ ಗೋಡೆಗೆ ಒರಗಿ, ಕಾಲು ನೀಡಿಕೊಂಡು, ನನ್ನ ರತ್ನತ್ತೆ ಕೂತಿರುತ್ತಾಳೆ.

ನಮ್ಮ ಕಡೆಯವರಲ್ಲದವರಿಗೆ ಒಂದು ವಿಷಯ ಹೇಳಿಬಿಡುತ್ತೇನೆ. ಉಂಡೆ ಕೊಬ್ಬರಿಯನ್ನು ನಾವು ಬಿಸಿಲಿಗೆ ಹಾಕುವುದಿಲ್ಲ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ, ವರ್ಷದ ಹತ್ತಿರ ಹತ್ತಿರ ನೆರಳಲ್ಲೇ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದಾಗ ಒಳಗೆ ಗುಡುಗುಡು ಎಂದರೆ ಕೊಬ್ಬರಿ ಆಯಿತು ಎಂದು ಅರ್ಥ. ಅವಸರ ಮಾಡಿ ಬಿಸಿಲು ತಾಗಿಸಿದರೆ ಬಿರುಕು ಬಿಡುತ್ತದೆ, ಬಣ್ಣ ಕೆಡುತ್ತದೆ. ಈ ಕೆಲಸದಲ್ಲಿ ನನ್ನ ಅಜ್ಜಿಯನ್ನು ಮೀರಿಸುವವರು ಸುತ್ತಲಿನ ಹಳ್ಳಿಗಳಲ್ಲಿ ಇರಲಿಲ್ಲ. ಹೆಂಚಿನ ಸಂದಿಯಿಂದ ಅಟ್ಟಕ್ಕೆ ಒಂದು ಬಿಸಿಲಕೋಲು ಬಿದ್ದರೂ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ, ಅದನ್ನು ಮುಚ್ಚಿಸಿದ ಮೇಲೇ ತಟ್ಟೆಗೆ ಕೈ ಹಾಕುತ್ತಿದ್ದಳು. ಅಂಥ ಹೆಂಗಸು ಒಂದು ತಪ್ಪು ಮಾಡಿದಳು. ಕೊಬ್ಬರಿ ಮಾಡುವ ಮನೆಯವರು ಮಾತ್ರ ಮಾಡಬಹುದಾದ ತಪ್ಪು. ಕಾಯಿಗೆ ಒಗ್ಗಿದ್ದು ಮಗಳಿಗೂ ಒಗ್ಗುತ್ತದೆ ಎಂದುಕೊಂಡಳು.

ರತ್ನತ್ತೆ ಅಪ್ಪನ ಕೊನೆಯ ತಂಗಿ. ತೀರಿಹೋಗಿದ್ದ ತಾತನ ಬಣ್ಣ ಅವಳಿಗೆ ಬಂದಿತ್ತು, ನನಗೂ ಬಂದಿದೆ: ಗಾಣದಿಂದ ಈಗಷ್ಟೇ ಎದ್ದು ಬಂದಂಥ ಕಪ್ಪು. ಅಜ್ಜಿ ಮಾತ್ರ ಗೋಧಿ ಬಣ್ಣದವಳು. ನನಗೆ ಒಂಬತ್ತು ತುಂಬಿದ ವರ್ಷ ದಂಡಿನಶಿವರದಿಂದ ಒಂದು ಮನೆಯವರು ಅತ್ತೆಯನ್ನು ನೋಡಲು ಬಂದರು, ಉಪ್ಪಿಟ್ಟು ತಿಂದರು, ತೋಟ ಸುತ್ತಿದರು. ಎಲ್ಲ ಮುಗಿದ ಮೇಲೆ, "ಹುಡುಗಿ ಲಕ್ಷಣವಾಗವ್ಳೆ, ಬಣ್ಣ ಒಸಿ ಕಮ್ಮಿಯಾಯ್ತು" ಎಂದು ಹೇಳಿ ಕಳಿಸಿದರು. ಮಾರನೆಯ ದಿನದಿಂದ ಅತ್ತೆ ಹಗಲು ಹೊಸ್ತಿಲು ದಾಟುವುದು ನಿಂತುಹೋಯಿತು. ತೋಟಕ್ಕಿಲ್ಲ, ಕೆರೆಗಿಲ್ಲ, ಮುಂದಿನ ಜಗಲಿಗೂ ಇಲ್ಲ. ಮೈಗೆ ಕಡಲೆಹಿಟ್ಟು, ಅರಿಶಿನ, ಹಾಲಿನ ಕೆನೆ. "ನೆರಳಲ್ಲಿದ್ದ ಕೊಬ್ರಿ ನೋಡು, ಹೆಂಗೆ ಬೆಳ್ಳಗಿರ್ತದೆ" ಎಂದು ಅಜ್ಜಿ ದಿನಾ ಹೇಳುವಳು. ಕೊಬ್ಬರಿಯ ಬಿಳಿ ಇರುವುದು ಒಳಗೆ, ಅದರ ಹೊರಮೈ ಕಂದು ಬಣ್ಣದ್ದೇ ಎಂದು ಅವತ್ತು ಎದುರಾಡುವಷ್ಟು ಬುದ್ಧಿ ನನಗಿರಲಿಲ್ಲ. ನಾನು ಶಾಲೆಯಿಂದ ಬಂದು ಅತ್ತೆಯ ಜೊತೆ ಆ ಅರೆಗತ್ತಲಲ್ಲಿ ಚೌಕಾಬಾರ ಆಡುತ್ತಿದ್ದೆ. ಕಿಟಕಿಗೆ ಗೋಣಿ ಕಟ್ಟಿದ್ದರಿಂದ ಕವಡೆ ಬಿದ್ದದ್ದು ಎಷ್ಟೆಂದು ಕೈಯಲ್ಲಿ ತಡವಿ ನೋಡಬೇಕಾಗುತ್ತಿತ್ತು, ಅದರಲ್ಲೇ ಅವಳು ನನಗೆ ಮೋಸ ಮಾಡಿ ಗೆಲ್ಲುತ್ತಿದ್ದಳು.

ಎರಡು ವರ್ಷ ಹೀಗೇ ಹೋಯಿತು. ಅತ್ತೆ ಬೆಳ್ಳಗಾಗಲಿಲ್ಲ, ಬಿಳಿಚಿಕೊಂಡಳು. ಅಜ್ಜಿಗೆ ಅಷ್ಟೇ ಸಾಕಾಯಿತು. ಆದರೆ ನನಗೆ ಬೇರೇನೋ ಕಾಣತೊಡಗಿತ್ತು. ನೆಲದಿಂದ ಏಳುವಾಗ ಅತ್ತೆ ಮೊದಲು ಮಂಡಿಗೆ ಕೈ ಊರುವಳು, ಆಮೇಲೆ ಕಂಬ ಹಿಡಿಯುವಳು, ಕೊನೆಕೊನೆಗೆ ನನ್ನ ಹೆಗಲನ್ನೇ ಹಿಡಿಯುವಳು. ತೊಡೆಯಲ್ಲಿ ನೋವು, ಸೊಂಟದಲ್ಲಿ ನೋವು, ಸದಾ ಸುಸ್ತು. ಮಂಗನ ಹಾಗೆ ಅಟ್ಟ ಹತ್ತುತ್ತಿದ್ದವಳು ಏಣಿಯ ಎರಡನೇ ಮೆಟ್ಟಿಲಿಗೇ ನಿಂತುಬಿಡುವಳು. "ಅಜ್ಜಿಗೆ ಹೇಳ್ಬೇಡ ಕಣೇ" ಎಂದು ನನ್ನ ಬಾಯಿ ಮುಚ್ಚಿಸಿದ್ದಳು. ಅಟ್ಟದ ಕಾಯಿಯೊಳಗೆ ನೀರು ಇಂಗುವ ಹಾಗೆ ಅವಳೊಳಗೂ ಏನೋ ಇಂಗುತ್ತಿತ್ತು, ಮನೆಯಲ್ಲಿ ಯಾರೂ ಅಲ್ಲಾಡಿಸಿ ನೋಡಲಿಲ್ಲ.

ಅದು ಬಯಲಾದದ್ದು ನೊಣವಿನಕೆರೆಯ ಕಡೆಯ ಇನ್ನೊಂದು ಮನೆಯವರ ಮುಂದೆ. ಅವರಿಗೆ ಹುಡುಗಿಯ ಬಣ್ಣವೂ ಒಪ್ಪಿಗೆಯಾಗಿತ್ತು, ತಾಂಬೂಲದ ಮಾತೂ ಬಂದಿತ್ತು. ಅತ್ತೆ ಹಿರಿಯರ ಕಾಲಿಗೆ ನಮಸ್ಕಾರ ಮಾಡಲು ಮಂಡಿಯೂರಿದಳು, ಏಳಲಾಗಲಿಲ್ಲ. ಮೊದಲು ನಾಚಿಕೆ ಎಂದುಕೊಂಡು ನಕ್ಕರು. ಎರಡು ಸಲ ನೆಲಕ್ಕೆ ಅಂಗೈ ಊರಿ, ಮೂರನೆಯ ಸಲಕ್ಕೆ ಅವಳು ನನ್ನ ಕಡೆ ಕೈ ಚಾಚಿದಾಗ ನಗು ನಿಂತಿತು. ನಾನು ಎತ್ತಿ ನಿಲ್ಲಿಸಿದೆ. ಬಂದವರು ಕಾಫಿ ಲೋಟ ಕೆಳಗಿಟ್ಟು ಎದ್ದರು. ಸಂಜೆಯೊಳಗೆ ಊರೆಲ್ಲ ಒಂದೇ ಮಾತು, ರತ್ನಿಗೆ ಕಾಲಿಲ್ಲ.

ಅಪ್ಪ ತಿಪಟೂರಿನ ಒಬ್ಬ ಲೇಡಿ ಡಾಕ್ಟರ ಹತ್ತಿರ ಕರೆದೊಯ್ದ. ಅಜ್ಜಿಯೂ ಹೊರಟಳು, ಹಟ ಮಾಡಿ ನಾನೂ ಹೋದೆ. ಡಾಕ್ಟರು ಅತ್ತೆಯ ಮೊಣಕಾಲ ಕೆಳಗಿನ ಮೂಳೆಯನ್ನು ಹೆಬ್ಬೆರಳಲ್ಲಿ ಒತ್ತಿದಾಗ ಅವಳು ಚೀರಿದಳು. "ಬಿಸಿಲಿಗೆ ಹೋಗಿ ಎಷ್ಟು ದಿನ ಆಯ್ತಮ್ಮ?" ಎಂದು ಕೇಳಿದರು. ಅತ್ತೆ ಅಜ್ಜಿಯ ಮುಖ ನೋಡಿದಳು.

"ಹಾಲು, ತುಪ್ಪ, ರಾಗಿಮುದ್ದೆ, ಯಾವುದಕ್ಕೂ ಕಮ್ಮಿ ಮಾಡಿಲ್ಲ ಕಣವ್ವ" ಎಂದಳು ಅಜ್ಜಿ.

"ತಿಂದಿದ್ದು ಮೂಳೆಗೆ ಸೇರಬೇಕಲ್ಲಮ್ಮ. ಸೇರಿಸೋಕೆ ಬೇಕಾದ್ದನ್ನ ಮೈ ತಾನೇ ಬಿಸಿಲಲ್ಲಿ ತಯಾರು ಮಾಡ್ಕೊಳ್ಳುತ್ತೆ. ಕಪ್ಪು ಬಣ್ಣ ಅನ್ನೋದು ಚರ್ಮಕ್ಕೆ ಒಂದು ಕೊಡೆ ಇದ್ದ ಹಾಗೆ, ಉರಿಯಿಂದ ಕಾಯುತ್ತೆ. ಅದಕ್ಕೇ ಬೆಳ್ಳಗಿರೋರಿಗಿಂತ ಇವಳಿಗೆ ಜಾಸ್ತಿ ಹೊತ್ತು ಬಿಸಿಲು ಬೇಕು. ಕೊಡೆ ಹಿಡಿದು ಹುಟ್ಟಿದೋಳನ್ನ ನೀವು ಕತ್ತಲೆ ಕೋಣೆಯಲ್ಲಿ ಕೂರಿಸಿದ್ದೀರಿ." ಮಾತ್ರೆ ಬರೆದುಕೊಟ್ಟರು, ಹಾಲು ನಿಲ್ಲಿಸಬೇಡಿ ಎಂದರು, ದಿನಾ ಬಿಸಿಲಿಗೆ ಕೂರಿಸಿ ಎಂದರು.

ವಾಪಸು ಬರುವ ಬಸ್ಸಿನಲ್ಲಿ ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ತಿರುಗ ಕಪ್ಪಾದ್ರೆ ನಿನ್ನ ಯಾರು ಕಟ್ಕಂತಾರೆ?" ಎಂದಳು. ಅಲ್ಲಿಯವರೆಗೆ ತನ್ನ ಅಮ್ಮನಿಗೆ ಒಂದೂ ಎದುರು ಮಾತಾಡದಿದ್ದ ಅತ್ತೆ ಇಡೀ ಬಸ್ಸಿಗೆ ಕೇಳುವಂತೆ, "ಕಟ್ಕಂಡೋನು ನನ್ನ ಹೊತ್ಕಂಡು ತಿರುಗ್ತಾನೇನವ್ವ?" ಎಂದಳು. ಕಂಡಕ್ಟರು ಟಿಕೆಟ್ ಹರಿಯುವುದನ್ನು ಬಿಟ್ಟು ನಕ್ಕ.

ಮಾರನೆಯ ಬೆಳಿಗ್ಗೆ ಅವಳು ಚಾಪೆ ಹಾಕಿದ್ದು ಹಿತ್ತಲಲ್ಲಲ್ಲ, ಮುಂದಿನ ಅಂಗಳದಲ್ಲಿ, ದಾರಿಗೆ ಎದುರಾಗಿ. ತೋಳು ಬಿಟ್ಟುಕೊಂಡು, ಸೀರೆಯನ್ನು ಮೊಣಕಾಲಿಗೆ ಸರಿಸಿ, ಬಿಸಿಲಿಗೆ ಬೆನ್ನು ಕೊಟ್ಟು ಕೂತಳು. ನಾನೂ ಪಕ್ಕದಲ್ಲಿ ಕೂತೆ. ಬಿಂದಿಗೆ ಹಿಡಿದು ಹೋಗುತ್ತಿದ್ದ ಪಕ್ಕದ ಮನೆಯ ಗಂಗಕ್ಕ ನಿಂತು, "ಏನೇ ರತ್ನಿ, ಇನ್ನೂ ಎಷ್ಟು ಸುಟ್ಕಂತೀಯೇ? ಮದ್ವೆ ಗಿದ್ವೆ ಬ್ಯಾಡ್ವೇನೇ?" ಎಂದಳು. "ನೀನು ಆಗಿದ್ದೀಯಲ್ಲಕ್ಕ, ಅದನ್ನ ನೋಡೇ ಬುಟ್ಟೆ" ಎಂದಳು ಅತ್ತೆ. ಗಂಗಕ್ಕನ ಗಂಡ ಎಂಥವನೆಂದು ಊರಿಗೇ ಗೊತ್ತಿತ್ತು. ಅಷ್ಟರಲ್ಲಿ ಅಜ್ಜಿ ಒಳಗಿನಿಂದ ಛತ್ರಿ ತಂದು ಮಗಳ ತಲೆಯ ಮೇಲೆ ಬಿಚ್ಚಿದಳು. ಅತ್ತೆ ಅಂಡೂರಿಕೊಂಡೇ ಒಂದು ಮಾರು ಮುಂದೆ ಸರಿದಳು. ಅಜ್ಜಿ ಛತ್ರಿ ಸಮೇತ ಹಿಂದೆ ಹೋದಳು. ಇವಳು ಇನ್ನೊಂದು ಮಾರು ಸರಿದಳು. ಇಡೀ ಅಂಗಳ ಅಳೆದ ಮೇಲೆ ಅಜ್ಜಿ ಛತ್ರಿ ಮಡಿಸಿ, ನೆಲಕ್ಕೆ ಒಗೆದು ಒಳಗೆ ಹೋದಳು. ಒಂದು ತಿಂಗಳು ಮಗಳ ಜೊತೆ ಮಾತಾಡಲಿಲ್ಲ, ಮಾತ್ರೆಯ ಹೊತ್ತಿಗೆ ಹಾಲಿನ ಲೋಟವನ್ನು ಮಾತ್ರ ತಪ್ಪದೆ ಪಕ್ಕಕ್ಕಿಟ್ಟು ಹೋಗುತ್ತಿದ್ದಳು.

ಮಳೆಗಾಲ ಕಳೆಯುವಷ್ಟರಲ್ಲಿ ಅತ್ತೆ ಏಳುವಾಗ ಕಂಬ ಹಿಡಿಯುವುದನ್ನು ಬಿಟ್ಟಳು. ಅಟ್ಟದ ಕಾಯಿ ಇಳಿಸುವ ಹೊತ್ತಿಗೆ ಏಣಿ ಹತ್ತಿದಳು. ಮತ್ತೆ ಗಂಡುಗಳು ಬರಲಿಲ್ಲ ಎಂದು ಊರು ಹೇಳುತ್ತದೆ. ಇಬ್ಬರು ಬಂದಿದ್ದರು, ಇವಳೇ ಒಪ್ಪಲಿಲ್ಲ. ಅದನ್ನು ಊರು ಹೇಳುವುದಿಲ್ಲ. ತೋಟದಿಂದ ತೋಟಕ್ಕೆ ನಡೆದು ಕಾಯಿ ಕೊಳ್ಳುವ ವ್ಯಾಪಾರ ಹಿಡಿದಳು, ಜೊತೆಗೆ ನನ್ನನ್ನೂ ಕರೆದೊಯ್ದಳು. "ಮಾರೋನು ನಿನ್ನ ಮುಖ ಓದ್ತಾನೆ, ನೀನು ಕಾಯಿ ಓದು" ಎಂದು ಹೇಳಿಕೊಟ್ಟವಳು ಅವಳೇ. ಇವತ್ತು ನಾನು ಯಾರ ಹಂಗೂ ಇಲ್ಲದೆ ಉಣ್ಣುತ್ತಿದ್ದರೆ ಅದು ಅವಳ ಕಾಲಿನ ಬಲ.

ಈಗ ಮಂಡಿಯ ಮುಂದೆ ಸ್ಕೂಟರಿನಲ್ಲಿ ಹೋಗುವ ಹುಡುಗಿಯರನ್ನು ನೋಡುತ್ತೇನೆ. ಮುಖಕ್ಕೆ ಬಟ್ಟೆ, ಕೈಗೆ ಉದ್ದನೆಯ ಗ್ಲೌಸು, ಕಣ್ಣು ಮಾತ್ರ ಹೊರಗೆ. ಇಪ್ಪತ್ತೈದಕ್ಕೇ ಸೊಂಟ ನೋವು ಎನ್ನುತ್ತಾರೆ. ಹೋದ ವಾರ ಒಬ್ಬಳು ನನ್ನ ಅಂಗಡಿಗೇ ಬೆಳ್ಳಗಾಗುವ ಕ್ರೀಮು ಮಾರಲು ಬಂದು, "ಆಂಟಿ, ಎರಡೇ ತಿಂಗಳಲ್ಲಿ ಬಣ್ಣ ಬರುತ್ತೆ" ಎಂದಳು. "ಬಂದೇ ಐತಲ್ಲಮ್ಮ, ಕಾಣಿಸ್ತಿಲ್ವಾ?" ಎಂದೆ. ಕೇಳಿ, ಕೇಳದಿದ್ದರೂ ಹೇಳುತ್ತೇನೆ: ನಿಮ್ಮ ಬಣ್ಣಕ್ಕೆ ಯಾರೂ ಬೆಲೆ ಕಟ್ಟದಂತೆ ನೋಡಿಕೊಳ್ಳಿ. ಮಟಮಟ ಮಧ್ಯಾಹ್ನ ಮೈ ಸುಟ್ಟುಕೊಳ್ಳಿ ಎನ್ನುತ್ತಿಲ್ಲ, ಹದ ಇರಲಿ. ನೋವಿದ್ದರೆ ಡಾಕ್ಟರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆ ಬರೆದರೆ ನುಂಗಿ, ಅಲ್ಲಿ ಚೌಕಾಸಿ ಬೇಡ. ಆದರೆ ಮಗಳು ಕಪ್ಪೆಂದು ಅವಳನ್ನು ಒಳಗೆ ಕೂರಿಸಿದಿರೋ, ನಾನು ನಿಮ್ಮ ಮನೆ ಬಾಗಿಲಿಗೇ ಬಂದು ಜಗಳ ಆಡುತ್ತೇನೆ.

ಆ ಮನೆ ಈಗಿಲ್ಲ. ರತ್ನತ್ತೆಯೂ ಇಲ್ಲ, ಅವಳಿಗಿಂತ ಬಹಳ ಮೊದಲೇ ಹೋದ ಅಜ್ಜಿಯೂ ಇಲ್ಲ. ಅಜ್ಜಿಯ ಕೊನೆಯ ವರ್ಷ ಅವಳ ಸೊಂಟ ಬಿದ್ದುಹೋಗಿತ್ತು. ಬೆಳಿಗ್ಗೆ ಬಿಸಿಲೇರಿದ ಮೇಲೆ ಅತ್ತೆ ಅವಳನ್ನು ಎರಡೂ ತೋಳಲ್ಲಿ ಎತ್ತಿಕೊಂಡು, ಹೊಸ್ತಿಲಲ್ಲಿ ತಲೆ ಬಗ್ಗಿಸಿ, ಅಂಗಳಕ್ಕೆ ತಂದು ಕೂರಿಸುವಳು. ಒಂದು ದಿನ ನಾನು ಅಲ್ಲೇ ಇದ್ದೆ. ಅಜ್ಜಿ ತನ್ನ ಸುಕ್ಕುಗಟ್ಟಿದ ಕೈಯನ್ನು ಸೆರಗಿನಿಂದ ಮುಚ್ಚಿಕೊಳ್ಳುತ್ತಾ, "ಬ್ಯಾಡ ಕಣೇ ರತ್ನಿ, ಕಪ್ಪಾಗ್ತೀನಿ" ಎಂದಳು.

"ಆಗು ಬುಡವ್ವ. ನಿನ್ನ ನೋಡಕ್ಕೆ ಯಾವ ಗಂಡು ಬತ್ತಾನೆ?"

ಅಜ್ಜಿ ಮೊದಲು ಸಿಟ್ಟಿನಿಂದ ನೋಡಿದಳು. ಆಮೇಲೆ ಹಲ್ಲಿಲ್ಲದ ಬಾಯಿ ತೆರೆದು, ಮೈ ಅಲುಗುವಂತೆ ನಕ್ಕಳು. ನಕ್ಕು ನಕ್ಕು ಸುಸ್ತಾಗಿ, ಮಗಳ ಕಪ್ಪು ತೋಳಿನ ಮೇಲೆ ತಲೆಯಿಟ್ಟು, ಬಿಸಿಲಿನಲ್ಲೇ ನಿದ್ದೆ ಹೋದಳು. ಅವಳಿಗೆ ಎಚ್ಚರವಾಗುವವರೆಗೂ ಅತ್ತೆ ತೋಳು ಅಲುಗಿಸಲಿಲ್ಲ.