ಗೇಜ್ ರೂಮಿನ ಅಕ್ಕ

ಹೋದ ತಿಂಗಳು ಶಿವಾಜಿನಗರದ ಗುಜರಿ ಅಂಗಡಿಯೊಂದರಲ್ಲಿ ನಮ್ಮ ಹಳೆಯ ಬೀರುವಿಗೆ ಹೊಂದುವ ಹಿಡಿ ಹುಡುಕುತ್ತಿದ್ದೆ. ಅಂಗಡಿಯವರು ಸಾಮಾನು ಸರಿಸುವಾಗ ಒಂದು ಸಣ್ಣ ಮರದ ಪೆಟ್ಟಿಗೆಯ ಮುಚ್ಚಳ ತೆರೆದುಕೊಂಡಿತು. ಒಳಗೆ ಹಸಿರು ಬಟ್ಟೆಯ ಮೇಲೆ ದಪ್ಪ ಅಳೆಯುವ ಒಂದು ಮೈಕ್ರೋಮೀಟರ್. ಅದಕ್ಕೆ ಸವರಿದ್ದ ತೆಳು ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಏನು ಹುಡುಕಲು ಬಂದಿದ್ದೆನೆಂಬುದೇ ಮರೆತುಹೋಯಿತು...

ತೊಂಬತ್ತರ ದಶಕದ ಕೊನೆ. ಇಂದಿರಾನಗರದಲ್ಲಿ ಮಹಡಿಯ ಮೇಲಿನ ಎರಡು ಕೋಣೆಯ ಆಫೀಸಿನಲ್ಲಿ ನಾನು ಪ್ರೋಗ್ರಾಮ್ ಬರೆಯುತ್ತಿದ್ದೆ. ನನ್ನ ಮೊದಲ ದೊಡ್ಡ ಕೆಲಸ ಕೆ.ಆರ್. ಪುರದ ಹತ್ತಿರದ ಒಂದು ಚಿಕ್ಕ ಕಾರ್ಖಾನೆಯದು. ಅಲ್ಲಿ ಯಂತ್ರಗಳಿಗೆ ಬೇಕಾದ ಸಣ್ಣ ಉಕ್ಕಿನ ಪಿನ್ನುಗಳನ್ನು ಮಾಡುತ್ತಿದ್ದರು. ಪ್ರತಿ ಪಿನ್ನಿನ ದಪ್ಪವನ್ನು ಮಿಲಿಮೀಟರಿನ ಸಾವಿರದ ಒಂದು ಭಾಗದವರೆಗೆ ಅಳೆದು, ಆ ಅಳತೆಗಳ ಪಟ್ಟಿಯನ್ನು ಮಾಲಿನ ಜೊತೆ ಕಳಿಸಬೇಕಿತ್ತು. ಅಳೆಯುತ್ತಿದ್ದವರು ಅಕ್ಕ. ಇಡೀ ಕಾರ್ಖಾನೆ ಅವರನ್ನು ಹಾಗೆಯೇ ಕರೆಯುತ್ತಿದ್ದರಿಂದ ನಾನೂ ಕರೆದೆ.

ಐವತ್ತರ ಹತ್ತಿರದ ವಯಸ್ಸು. ಮದುವೆಯಾಗಿರಲಿಲ್ಲ, ತಂಗಿಯ ಜೊತೆ ರಾಮಮೂರ್ತಿ ನಗರದ ಬಾಡಿಗೆ ಮನೆಯಲ್ಲಿದ್ದರು. ಇಪ್ಪತ್ತು ವರ್ಷದಿಂದ ಅಳತೆ ನೋಡುವ ಅದೇ ಗೇಜ್ ರೂಮು, ಅದೇ ಸ್ಟೂಲು. ಪಿನ್ನನ್ನು ಬಟ್ಟೆಯಿಂದ ಒರೆಸಿ ಮೈಕ್ರೋಮೀಟರಿಗೆ ಕೊಟ್ಟು, ತಿರುಗಿಸುವಾಗ ಉಸಿರು ಹಿಡಿಯುತ್ತಿದ್ದರು. ನನಗೂ ಒಮ್ಮೆ ಹೇಳಿಕೊಟ್ಟರು. "ಬಿಗಿಯಾಗಿ ತಿರುಗಿಸ್ಬಾರ್ದಮ್ಮ. ಸಾಕು ಅಂತ ಅದೇ ಟಿಕ್ ಟಿಕ್ ಅಂದು ಹೇಳುತ್ತೆ, ಕೇಳಿಸ್ಕೋಬೇಕು ಅಷ್ಟೆ." ನಾನು ಅಳೆದರೆ ಒಂದೇ ಪಿನ್ನು ಮೂರು ಸಲಕ್ಕೆ ಮೂರು ಅಳತೆ ತೋರಿಸುತ್ತಿತ್ತು. ಅವರು ಅಳೆದರೆ ಮೂರು ಸಲವೂ ಒಂದೇ.

ಅಷ್ಟು ದಿನ ಅವರು ಅಳತೆಗಳನ್ನು ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ನನ್ನ ಪ್ರೋಗ್ರಾಮ್ ಬಂದ ಮೇಲೆ ಕಂಪ್ಯೂಟರಿಗೂ ಒತ್ತತೊಡಗಿದರು. ಒಂದೊಂದೇ ಬೆರಳಿನಿಂದ, ಪರದೆಯನ್ನೂ ರಿಜಿಸ್ಟರನ್ನೂ ಎರಡೆರಡು ಸಲ ನೋಡಿ. ಮಾಲಿನ ಜೊತೆ ಹೋಗುವ ಪಟ್ಟಿ ಈಗ ಕಂಪ್ಯೂಟರಿನಿಂದಲೇ ಅಚ್ಚಾಗುತ್ತಿತ್ತು. ಮಧ್ಯಾಹ್ನ ನನಗಾಗಿ ಡಬ್ಬಿಯ ಮುಚ್ಚಳದಲ್ಲಿ ಚಿತ್ರಾನ್ನ ತೆಗೆದಿಡುತ್ತಿದ್ದರು.

ಐದಾರು ತಿಂಗಳಾಗಿರಬೇಕು. ಮಾಲು ಕೊಂಡವರಿಂದ ದೂರು ಬಂತು. ಪಟ್ಟಿಯಲ್ಲಿ 4.365 ಎಂದಿರುವ ಪಿನ್ನನ್ನು ಅವರು ಅಳೆದರೆ 4.367 ಬರುತ್ತಿತ್ತು. ಇನ್ನೂ ಹಲವು ಅಳತೆಗಳು ಹಾಗೆಯೇ ಇದ್ದವು. ಮ್ಯಾನೇಜರು ನನ್ನನ್ನು ಕರೆಸಿದರು. ಮೇಜಿನ ಮೇಲೆ ಪಟ್ಟಿ, ಪಕ್ಕದಲ್ಲಿ ರಿಜಿಸ್ಟರು. ರಿಜಿಸ್ಟರಿನಲ್ಲಿ ಅಕ್ಕನ ದುಂಡು ಅಕ್ಷರದಲ್ಲಿ 4.367 ಎಂದೇ ಇತ್ತು.

"ನಾನು ಅದನ್ನೇ ಒತ್ತಿದ್ದು ಸರ್," ಎಂದರು ಅಕ್ಕ.

"ಪ್ರೋಗ್ರಾಮಿಂದೇನಾದ್ರೂ ತಪ್ಪಿರ್ಬಹುದಾ?" ಮ್ಯಾನೇಜರು ನನ್ನನ್ನು ಕೇಳಿದರು.

ನಾನು ಅಲ್ಲೇ ಕುಳಿತು 4.5 ಒತ್ತಿದೆ. 4.25 ಒತ್ತಿದೆ. ಉಳಿಸಿ, ಮುಚ್ಚಿ, ಮತ್ತೆ ತೆರೆದೆ. ಎರಡೂ ಇದ್ದ ಹಾಗೆಯೇ ಇದ್ದವು. "ಪ್ರೋಗ್ರಾಮ್ ಸರಿಯಾಗಿದೆ ಸರ್. ಏನು ಹಾಕ್ತೀವೋ ಅದೇ ಇರುತ್ತೆ," ಎಂದೆ.

ಅಕ್ಕ ನನ್ನ ಕಡೆ ತಿರುಗಿದರು. "ಹೌದೇನಮ್ಮಾ?"

"ಹೌದಕ್ಕ."

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ, "ಹಂಗಾದ್ರೆ ನನ್ನ ಕಣ್ಣೇ ಕೈ ಕೊಡ್ತಿದೆ ಅನ್ಸುತ್ತೆ," ಎಂದರು. ಮರುವಾರ ಅವರನ್ನು ಪ್ಯಾಕಿಂಗಿಗೆ ಹಾಕಿದರು. ಎರಡು ತಿಂಗಳಿಗೆ ಅವರೇ ಕೆಲಸ ಬಿಟ್ಟರು. ಹೋಗುವಾಗ ನನ್ನ ತಲೆ ನೇವರಿಸಿ, "ಚೆನ್ನಾಗಿ ಮುಂದಕ್ಕೆ ಬಾಮ್ಮ," ಎಂದರು.

ಎರಡು ವರ್ಷದ ಮೇಲೆ ಬೇರೊಬ್ಬರ ಕೆಲಸಕ್ಕಾಗಿ ಅದೇ ಪ್ರೋಗ್ರಾಮನ್ನು ತೆರೆದೆ. ಒಂದು ಬೆಳಿಗ್ಗೆ, ಕಾಫಿ ಕುಡಿಯುತ್ತ, ಅಂಕಿಯನ್ನು ಅಕ್ಷರಗಳಾಗಿ ಬದಲಿಸಿ ಫೈಲಿಗೆ ಬರೆಯುವ ಭಾಗ ಓದುತ್ತಿದ್ದೆ. ನಾನೇ ಬರೆದದ್ದು. ಕಂಪ್ಯೂಟರು ನಾವು ಕೊಟ್ಟ ದಶಾಂಶವನ್ನು ಹಾಗೆಯೇ ಇಟ್ಟುಕೊಳ್ಳುವುದಿಲ್ಲ. ಅರ್ಧ, ಕಾಲು, ಅರೆಕಾಲುಗಳನ್ನು ಕೂಡಿಸಿ ಅದಕ್ಕೆ ಅತಿ ಹತ್ತಿರದ ಒಂದು ಅಂಕಿಯನ್ನು ಇಟ್ಟುಕೊಳ್ಳುತ್ತದೆ. 4.367 ಅದರೊಳಗೆ 4.366ರ ಮುಂದೆ ಒಂಬತ್ತುಗಳ ಉದ್ದದ ಸಾಲಾಗಿ ಕೂತಿರುತ್ತದೆ. ಹೊರಗೆ ಬರೆಯುವಾಗ ಅದನ್ನು ಹತ್ತಿರದ ಅಂಕಿಗೆ ಸರಿಪಡಿಸಬೇಕು. ನಾನು ಮೂರನೆಯ ಸ್ಥಾನದ ಆಚೆಗಿದ್ದದ್ದನ್ನು ಕತ್ತರಿಸಿ ಬಿಸಾಡಿದ್ದೆ. 4.366 ಉಳಿಯಿತು. ಅಕ್ಕ ಹೊಸ ಸಾಲು ಸೇರಿಸಲು ಮತ್ತೆ ಫೈಲು ತೆರೆದು ಉಳಿಸಿದಾಗ ಅದೇ ರೀತಿ 4.365 ಆಯಿತು. ಕೆಲವು ಅಂಕಿಗಳು ಹೀಗೆ ಸವೆಯುತ್ತಿದ್ದವು, ಕೆಲವು ಸವೆಯುತ್ತಿರಲಿಲ್ಲ. ಅರ್ಧ, ಕಾಲುಗಳು ಎಂದೂ ಸವೆಯುವುದಿಲ್ಲ. ಅಂದು ನಾನು ಒತ್ತಿ ನೋಡಿದ್ದು ಅವನ್ನೇ. ರಿಜಿಸ್ಟರು ಕಣ್ಣೆದುರಿಗೇ ಇತ್ತು. ಅಕ್ಕನ ಅಂಕಿಯನ್ನು ಒಮ್ಮೆ ಒತ್ತಿ ನೋಡಲಿಲ್ಲ.

ಆವತ್ತು ಕಾರ್ಖಾನೆಯ ಮ್ಯಾನೇಜರಿಗೆ ಫೋನ್ ಮಾಡಿ ಹೇಳಿದೆ. "ಹಳೇದು ಬಿಡಿಮ್ಮ, ಸರಿಪಡಿಸಿ ಕಳ್ಸಿ," ಎಂದರು. ಸರಿಪಡಿಸಿ ಕಳಿಸಿದೆ. ಆದರೆ ರಾಮಮೂರ್ತಿ ನಗರಕ್ಕೆ ಹೋಗಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಭಾನುವಾರ ಬಂದಾಗಲೆಲ್ಲ ಮುಂದಿನ ಭಾನುವಾರ ಎಂದುಕೊಳ್ಳುತ್ತಿದ್ದೆ. ಯಾವ ಮುಖ ಹೊತ್ತು ಹೋಗಲಿ...

ಕೊನೆಗೆ ಹೋದಾಗ ಬಾಗಿಲು ತೆಗೆದದ್ದು ತಂಗಿ. ಗೋಡೆಯ ಮೇಲೆ ಅಕ್ಕನ ಫೋಟೊ ಇತ್ತು, ಅದಕ್ಕೆ ಹಾರ. ಎದೆನೋವು ಬಂದು ಹೋಗಿಬಿಟ್ಟರಂತೆ, ಐದು ವಾರದ ಹಿಂದೆ.

"ಕೆಲ್ಸ ಬಿಟ್ಮೇಲೆ ಏನೂ ಓದ್ತಿರ್ಲಿಲ್ಲ ರೀ," ಎಂದರು ತಂಗಿ. "ಸೂಜಿಗೆ ದಾರ ಕೂಡ ನನ್ನ ಕೈಲೇ ಪೋಣಿಸ್ಕೊಳ್ತಿದ್ಲು. ಕಣ್ಣಿನ ಡಾಕ್ಟ್ರು ಏನೂ ಆಗಿಲ್ಲ, ಚೆನ್ನಾಗೇ ಕಾಣುತ್ತೆ ಅಂದ್ರು. ಇವ್ಳು ಒಪ್ಲಿಲ್ಲ. ಡಾಕ್ಟ್ರಿಗೇನು ಗೊತ್ತು, ಕಂಪ್ಯೂಟರೇ ತೋರಿಸ್ತಲ್ಲ ಅಂತಿದ್ಲು."

ಕುಳಿತಲ್ಲೇ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಸೆರಗಿನ ಅಂಚನ್ನು ಮಡಚುತ್ತ, ಬಿಡಿಸುತ್ತ ಕೂತಿದ್ದರು. ಆಮೇಲೆ ಒಳಗಿನಿಂದ ಒಂದು ಹಾಳೆ, ಪೆನ್ನು ತಂದು ನನ್ನ ಮುಂದಿಟ್ಟರು.

"ಇದನ್ನ ಬರ್ದು ಕೊಡಿ. ಅವ್ಳು ಅಳೆದಿದ್ದು ಸರಿಯಿತ್ತು ಅಂತ."

ಬರೆದೆ. ನನ್ನ ಹೆಸರು ಹಾಕಿ ಸಹಿ ಮಾಡಿದೆ. ಅವರು ಅದನ್ನು ಫೋಟೊದ ಮುಂದೆ ನಿಂತು ಗಟ್ಟಿಯಾಗಿ, ಒಂದೊಂದೇ ಪದವಾಗಿ ಓದಿದರು. ಅಷ್ಟು ಹೊತ್ತೂ ನಾನು ಬಾಗಿಲ ಹತ್ತಿರ ನಿಂತಿದ್ದೆ.

ಈಗ ನನಗೂ ಅಕ್ಕನಿಗೆ ಆಗ ಇದ್ದಷ್ಟೇ ವಯಸ್ಸು. ಆ ಮನೆಯ ಜಾಗದಲ್ಲಿ ನಾಲ್ಕು ಮಹಡಿಯ ಕಟ್ಟಡ ಎದ್ದಿದೆ. ತಂಗಿ ಎಲ್ಲಿದ್ದಾರೋ ತಿಳಿಯದು. ಆಫೀಸಿನಲ್ಲಿ ಹೊಸಬರು ಯಾರಾದರೂ ಬಂದು, ಬಳಸುವವರೇ ತಪ್ಪು ಒತ್ತಿದ್ದಾರೆ ಮೇಡಂ ಎಂದರೆ, ಅವರು ಒತ್ತಿದ್ದನ್ನೇ ನನ್ನೆದುರಿಗೆ ಒತ್ತಿ ತೋರಿಸಿ ಎನ್ನುತ್ತೇನೆ. ಇದು ಒಳ್ಳೆಯ ಅಭ್ಯಾಸ ಎಂದು ಮೆಚ್ಚುತ್ತಾರೆ. ಯಾರಿಂದ ಕಲಿತೆ ಎಂದು ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ. ಹೇಳಬೇಕಾಗಿದ್ದದ್ದು ಒಬ್ಬರಿಗೆ ಮಾತ್ರ. ನಾನು ಹೋಗಿ ಹೇಳಿದ ಹೊತ್ತಿಗೆ ಅವರು ಕೇಳಿಸಿಕೊಳ್ಳಲು ಇರಲಿಲ್ಲ.